ಪರದೆ ಎಳೆಯುವವರು ಸಂಘಕ್ಕೆ ಬಂದ ಮೇಲೆ: ಒಂದು ನಾಟಕ ಕಂಪನಿಯ ಪಗಾರದ ಪ್ರಕರಣ

ಇಲ್ಲಿ ಬರುವ ಕಂಪನಿ, ಊರು, ಜನ ಯಾರ ಹೆಸರನ್ನೂ ಹೇಳುವುದಿಲ್ಲ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ, ದುಡ್ಡಿನ ಲೆಕ್ಕವನ್ನು ದುಂಡಗೆ ಮಾಡಿದ್ದೇನೆ. ಯಾವ ಹೊತ್ತಿನಲ್ಲಿ ಯಾವ ನಿರ್ಧಾರ ಆಯಿತು, ಯಾಕೆ ಆಯಿತು ಅನ್ನುವುದು ಮಾತ್ರ ಇದ್ದ ಹಾಗೇ ಇದೆ. ನಮ್ಮದು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ವೃತ್ತಿ ರಂಗಭೂಮಿ ಕಲಾವಿದರ ಸಂಘ. 1926ರ ಕಾರ್ಮಿಕ ಸಂಘಗಳ ಕಾಯ್ದೆಯಲ್ಲಿ ನೋಂದಣಿ ಆಗಿದೆ. ಹುಬ್ಬಳ್ಳಿಯಲ್ಲಿ ಒಂದು ಕೋಣೆಯ ಕಚೇರಿ ಇದೆ. ನಾನು ಅಲ್ಲಿ ಕಾಗದಪತ್ರ ನೋಡಿಕೊಳ್ಳುವವ, ನಟ ಅಲ್ಲ.

ಕಂಪನಿಯ ದುಡ್ಡು ಹೇಗೆ ಓಡಾಡುತ್ತದೆ

ಈ ಭಾಗಕ್ಕೆ ಕಂಪನಿ ನಾಟಕ ಹೊಸದಲ್ಲ. 1870ರ ದಶಕದಲ್ಲಿ ಶಾಂತಕವಿಗಳು ಗದಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದರು. ಆಮೇಲೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯೂ ಗದಗಿನದೇ. ಇವತ್ತು ಉಳಿದಿರುವ ಕಂಪನಿಗಳು ಜಾತ್ರೆಗಳನ್ನು ನಂಬಿ ಬದುಕುತ್ತವೆ. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆ ಬಂತೆಂದರೆ ಸೀಸನ್ ಶುರುವಾದ ಹಾಗೆ. ಅಲ್ಲಿಂದ ಮಳೆ ಹಿಡಿಯುವ ತನಕ ಊರಿಂದ ಊರಿಗೆ ತಗಡಿನ ಥಿಯೇಟರ್ ಎಬ್ಬಿಸುತ್ತಾ ಹೋಗುತ್ತಾರೆ. ಜಾತ್ರೆ ಜೋರಿದ್ದಾಗ ದಿನಕ್ಕೆ ಮೂರು ಆಟ, ಜನ ಕಡಿಮೆ ಇದ್ದರೆ ರಾತ್ರಿ ಒಂದೇ ಆಟ.

ದುಡ್ಡಿನ ವ್ಯವಹಾರ ಗೊತ್ತಿಲ್ಲದಿದ್ದರೆ ಈ ಪ್ರಕರಣ ಅರ್ಥವಾಗುವುದಿಲ್ಲ. ಸೀಸನ್ನಿಗೆ ಮೊದಲು ಮಾಲಕರು ಕಲಾವಿದರಿಗೆ ಮುಂಗಡ ಕೊಡುತ್ತಾರೆ. ಮಳೆಗಾಲ ಪೂರ್ತಿ ಕೆಲಸ ಇರುವುದಿಲ್ಲ, ಮನೆಯಲ್ಲಿ ಮಕ್ಕಳ ಫೀಜು, ಮದುವೆ, ಆಸ್ಪತ್ರೆ ಇರುತ್ತದೆ. ಹಾಗಾಗಿ ಮುಂಗಡ ಬೇಡ ಅನ್ನುವ ಕಲಾವಿದ ಇಲ್ಲ. ಪಗಾರ ದಿನದ ಲೆಕ್ಕದಲ್ಲಿ, ಆಟ ಆದ ದಿನಕ್ಕೆ ಮಾತ್ರ. ಅದರಲ್ಲಿ ಮುಂಗಡವನ್ನು ಸ್ವಲ್ಪ ಸ್ವಲ್ಪ ಮುರಿದುಕೊಳ್ಳುತ್ತಾರೆ. ಊಟ ಕಂಪನಿಯದು. ಚಹಾ, ಎಲೆ ಅಡಿಕೆಗೆ ಕೈ ಖರ್ಚಿ ಸಿಗುತ್ತದೆ. ಎಲ್ಲ ಲೆಕ್ಕವೂ ಒಂದೇ ವಹಿಯಲ್ಲಿ. ಆ ವಹಿ ಮಾಲಕರ ಪೆಟ್ಟಿಗೆಯಲ್ಲಿ. ಆಗ ಕಲಾವಿದರ ಕೈಯಲ್ಲಿ ಒಂದು ಚೀಟಿಯೂ ಇರುತ್ತಿರಲಿಲ್ಲ.

ಮುಂಗಡ ತೀರುವ ತನಕ ಕಲಾವಿದ ಬೇರೆ ಕಂಪನಿಗೆ ಹೋಗುವ ಹಾಗಿಲ್ಲ. ಹೋಗಲೇಬೇಕೆಂದರೆ ಹೊಸ ಮಾಲಕ ಹಳೇ ಮಾಲಕನಿಗೆ ಆ ಬಾಕಿ ಕಟ್ಟಿ ಬಿಡಿಸಿಕೊಳ್ಳಬೇಕು. ಹಳಬರು ಇದನ್ನು ತಪ್ಪು ಅನ್ನುವುದೇ ಇಲ್ಲ.

ಐದು ವಾರ

2023ರ ಬೇಸಿಗೆ. ಕಂಪನಿ ಗದಗ ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ ಮುಕ್ಕಾಂ ಹೂಡಿತ್ತು. ಒಟ್ಟು 27 ಜನ. 13 ನಟ ನಟಿಯರು. ಹಾರ್ಮೋನಿಯಂ ಮಾಸ್ತರರು, ತಬಲಾ, ಕ್ಯಾಶಿಯೋ, ರಿದಂ ಪ್ಯಾಡ್ ಸೇರಿ ನಾಲ್ವರು ವಾದ್ಯದವರು. ಉಳಿದ 10 ಜನ ಸೀನು ಕಟ್ಟುವವರು, ಪರದೆ ಎಳೆಯುವವರು, ಲೈಟು ಮತ್ತು ಮೈಕಿನವರು, ಅಡುಗೆಯವರು, ಗೇಟಿನವರು. ನಟರು ಮತ್ತು ವಾದ್ಯದವರಲ್ಲಿ 11 ಜನ ನಮ್ಮ ಸದಸ್ಯರು.

ಹಿಂದಿನ ಜಾತ್ರೆಯಲ್ಲಿ ಜಾಗದ ಹರಾಜು ದುಬಾರಿಯಾಗಿತ್ತು. ಮಾಲಕರು ಬಡ್ಡಿಗೆ ಸಾಲ ತಂದು ಜಾಗ ಹಿಡಿದಿದ್ದರು. ಆಮೇಲೆ ಸಂಜೆ ಹೊತ್ತಿಗೆ ಗುಡುಗು, ಗಾಳಿ, ಮಳೆ ಶುರುವಾಯಿತು. ಒಂದು ರಾತ್ರಿ ಥಿಯೇಟರಿನ ಒಂದು ಬದಿಯ ತಗಡೇ ಹಾರಿತು. ಕಲೆಕ್ಷನ್ ಬಿತ್ತು. ಮೊದಲ ವಾರ ಪಗಾರ ತಡವಾಯಿತು. ಎರಡನೇ ವಾರ ಅರ್ಧ ಖರ್ಚಿ ಬಂತು. ಐದನೇ ವಾರ ಮುಗಿಯುವ ಹೊತ್ತಿಗೆ ಖರ್ಚಿಯೂ ನಿಂತಿತ್ತು. ಕಲಾವಿದರ ಲೆಕ್ಕದಲ್ಲಿ 35 ದಿನದ ಪಗಾರ, ಸುಮಾರು 4 ಲಕ್ಷ 60 ಸಾವಿರ ಬಾಕಿ.

ಮಾಲಕರ ಲೆಕ್ಕವೇ ಬೇರೆ. ‘ಅವರ ನನಗ ಕೊಡೋದು ಐತ್ರಿ. ಎರಡು ಲಕ್ಷ ಮುಂಗಡ ಹಂಗ ಐತಿ. ಮಳಿ ಬಂದು ಒಂಬತ್ತು ದಿನ ಆಟಾನ ಆಗಿಲ್ಲ. ಬೇಕಾದ್ರ ವಹಿ ನೋಡ್ರಿ’ ಅಂದರು. ವಹಿಯಲ್ಲಿ ಇದ್ದದ್ದೂ ಹಾಗೇ. ಬರೆದವರು ಅವರೇ ಅಲ್ವಾ?

ಈ ಮಾಲಕರು ಕೆಟ್ಟವರೇನಲ್ಲ. ಅವರ ತಂದೆ ನಟರು, ತಾಯಿ ನಟಿ. ಸ್ವತಃ ಇವರೂ ಬಣ್ಣ ಹಚ್ಚಿದವರು. ಆದರೆ ಸಾಲದವರು ಗೇಟಿನ ಹತ್ತಿರವೇ ಬಂದು ಕೂರುವಾಗ ಮೊದಲ ದುಡ್ಡು ಅವರಿಗೆ, ಎರಡನೆಯದು ಡೀಸೆಲ್ಲಿಗೆ, ಮೂರನೆಯದು ಕಿರಾಣಿಗೆ ಹೋಗುತ್ತಿತ್ತು. ಕಲಾವಿದರ ಸರದಿ ಬರುವ ಹೊತ್ತಿಗೆ ಪೆಟ್ಟಿಗೆ ಖಾಲಿ.

ಟ್ರಂಕು

ನಮ್ಮ ತನಕ ವಿಷಯ ಬಂದದ್ದು ಪಗಾರದಿಂದ ಅಲ್ಲ, ಒಂದು ಟ್ರಂಕಿನಿಂದ. ಪೋಷಕ ಪಾತ್ರ ಮಾಡುವ ಒಬ್ಬ ನಟಿ ಬೇರೆ ಕಂಪನಿಗೆ ಹೋಗಲು ತಯಾರಾದರು. ಅವರ ಮೇಲೆ 15 ಸಾವಿರ ಮುಂಗಡ ಇತ್ತು. ಮ್ಯಾನೇಜರ್ ಅವರ ಟ್ರಂಕನ್ನು ಮಾಲಕರ ಕೋಣೆಯಲ್ಲಿ ಇಟ್ಟು ಬೀಗ ಹಾಕಿದ. ಕಂಪನಿಯಲ್ಲಿ ಸೀರೆ, ಒಡವೆ, ಮೇಕಪ್ ಸಾಮಾನು ನಟಿಯರ ಸ್ವಂತದ್ದೇ ಇರುತ್ತದೆ. ಟ್ರಂಕು ಇಲ್ಲದೆ ಬೇರೆ ಕಡೆ ಹೋಗಿ ಮಾಡುವುದೇನು?

ಸಂಘದಲ್ಲಿ ಕೆಲವರು ಕೂಡಲೇ ಪೊಲೀಸ್ ಠಾಣೆಗೆ ಹೋಗೋಣ ಅಂದರು. ಕಾನೂನಿನ ಪ್ರಕಾರ ಅದು ಸರಿಯಾದ ದಾರಿಯೇ. ಆ ನಟಿ ಒಪ್ಪಲಿಲ್ಲ. ‘ನಾಟಕದಾಕಿ ಠಾಣೇಕ ಬಂದಾಳಂದ್ರ ಊರಾಗ ಏನ್ ಮಾತಾಡ್ತಾರ ನಿಮಗ ಗೊತ್ತಿಲ್ಲೇನ್ರಿ? ನನ್ನ ಮಗಳು ದೊಡ್ಡಾಕಿ ಆಗ್ಯಾಳ’ ಅಂದರು. ದೂರು ಕೊಡಬೇಕಾದವರು ಅವರು. ಅವರಿಗೆ ಬೇಡ ಅನ್ನಿಸಿದ್ದನ್ನು ನಾವು ಮಾಡುವ ಹಾಗಿರಲಿಲ್ಲ.

ಕೊನೆಗೆ ಸಂಘದ ಇಬ್ಬರು ಹಿರಿಯ ನಟಿಯರು ಮಾಲಕರ ಬಿಡಾರಕ್ಕೆ ಹೋದರು. ಮಾಲಕರ ಜೊತೆ ಮಾತೇ ಆಡಲಿಲ್ಲ. ಸೀದಾ ಅವರ ತಾಯಿಯ ಹತ್ತಿರ ಹೋಗಿ ಕೂತರು. ಮೂವರೂ ಒಂದು ಕಾಲದಲ್ಲಿ ಒಂದೇ ಕಂಪನಿಯಲ್ಲಿ ಇದ್ದವರು. ‘ಅಕ್ಕಾ, ನೀನೂ ಬಣ್ಣ ಹಚ್ಚಿದಾಕಿ. ನಿನ್ನ ಟ್ರಂಕಿಗೆ ಯಾರರ ಕೀಲಿ ಹಾಕಿದ್ರ ಸುಮ್ನ ಇರ್ತಿದ್ದಿ ಏನ?’ ಅಂತ ಕೇಳಿದರಂತೆ. ಆ ರಾತ್ರಿ ಆಟ ಶುರುವಾಗುವ ಮೊದಲೇ ಟ್ರಂಕು ವಾಪಸ್ ಬಂತು.

ಇಂಥ ಕೆಲಸಕ್ಕೆ ಯಾರನ್ನು ಕಳಿಸಬೇಕು ಅನ್ನುವುದು ಸಣ್ಣ ವಿಷಯ ಅಲ್ಲ. ಅಧ್ಯಕ್ಷರೋ ವಕೀಲರೋ ಹೋಗಿದ್ದರೆ ಮಾಲಕರು ಮರ್ಯಾದೆಯ ಪ್ರಶ್ನೆ ಮಾಡಿಕೊಂಡು ಬೀಗವನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದರು. ಆದರೆ ಇದೇ ದಾರಿ ಪಗಾರಕ್ಕೆ ನಡೆಯಲಿಲ್ಲ. ತಾಯಿಯವರೇ ಹೇಳಿ ಕಳಿಸಿದರು: ‘ಟ್ರಂಕ ಕೊಡಸಾಕ ಬರ್ತೈತಿ, ಇಲ್ಲದ ರೊಕ್ಕ ಎಲ್ಲಿಂದ ಕೊಡಸಲಿ?’

ವಕೀಲರು ತೋರಿಸಿದ ತೀರ್ಪು

ಬಾಕಿ ಪಗಾರಕ್ಕೆ ಕಾರ್ಮಿಕ ಇಲಾಖೆಗೆ ಹೋಗುವುದು ಅಂತ ತೀರ್ಮಾನ ಆಯಿತು. ಸಂಘಕ್ಕೆ ಸಲಹೆ ಕೊಡುವ ವಕೀಲರು ಅಲ್ಲೇ ತಡೆದರು. ಭೋಪಾಲದ ಭಾರತ ಭವನದ ನಾಟಕ ತಂಡವಾದ ರಂಗಮಂಡಲದ ಕಲಾವಿದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಒಂದು ತೀರ್ಪು ಕೊಟ್ಟಿದೆ. ನಾಟಕದಲ್ಲಿ ಪಾತ್ರ ಮಾಡುವ ಕಲಾವಿದರು 1947ರ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಅನ್ನುತ್ತದೆ ಅದು. ಅವರ ಕೆಲಸ ಸೃಜನಶೀಲವಾದದ್ದು, ಕಾಯ್ದೆಯಲ್ಲಿ ಹೇಳಿದ ದೈಹಿಕ, ತಾಂತ್ರಿಕ, ಗುಮಾಸ್ತಿಕೆ ಥರದ ಕೆಲಸ ಅಲ್ಲ ಅನ್ನುವುದು ಅದರ ವಾದ.

ಇದನ್ನು ಕೇಳಿ ನಮ್ಮ ಹಾಸ್ಯನಟ ಕಾಕಾ ನಕ್ಕುಬಿಟ್ಟರು. ‘ಸುಪ್ರೀಂ ಕೋರ್ಟ್ ನಮ್ಮನ್ನ ದೊಡ್ಡ ಕಲಾವಿದರು ಅಂದೈತಿ, ಅದಕ್ಕ ನಮಗ ಪಗಾರ ಇಲ್ಲ’ ಅಂದರು. ತಮಾಷೆಯಾದರೂ ಸತ್ಯಕ್ಕೆ ತುಂಬಾ ಹತ್ತಿರದ ಮಾತು.

ಇಲ್ಲಿ ಒಂದು ಗೊಂದಲ ಬಹಳ ಸಂಘಗಳಲ್ಲಿ ಇದೆ. 1926ರ ಕಾಯ್ದೆ ಸಂಘ ಕಟ್ಟುವುದಕ್ಕೆ ಸಂಬಂಧಿಸಿದ್ದು. ಅಲ್ಲಿ ಕಾರ್ಮಿಕ ಅನ್ನುವುದರ ವ್ಯಾಪ್ತಿ ದೊಡ್ಡದು. ಅದರಡಿ ನಟರ ಸಂಘ ನೋಂದಣಿ ಆಗುತ್ತಿತ್ತು, ನಮ್ಮದು ಆಗಿದೆ. ಆದರೆ ಸಂಘ ನೋಂದಣಿ ಆದ ಮಾತ್ರಕ್ಕೆ ಅದರ ಪ್ರತಿ ಸದಸ್ಯನೂ 1947ರ ಕಾಯ್ದೆಯ ಕಾರ್ಮಿಕ ಆಗುತ್ತಿರಲಿಲ್ಲ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಎಷ್ಟೋ ಸಂಘಗಳಿಗೆ ಇದು ಗೊತ್ತಾಗುವುದು ಅಧಿಕಾರಿಯ ಮುಂದೆ ನಿಂತಾಗ.

ಇನ್ನೊಂದು ದಾರಿಯೂ ಚರ್ಚೆಗೆ ಬಂತು. ಮುಂಗಡ ಕೊಟ್ಟು ಬೇರೆ ಕಡೆ ಹೋಗದಂತೆ ಹಿಡಿದಿಟ್ಟುಕೊಳ್ಳುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಗೆ ಬೀಳುತ್ತದೆ ಅಂತ ಒಬ್ಬ ಕಿರಿಯ ವಕೀಲರು ವಾದಿಸಿದರು. ಟ್ರಂಕಿಗೆ ಬೀಗ ಹಾಕಿದ್ದಂತೂ ಅವರ ವಾದಕ್ಕೆ ಒಳ್ಳೆಯ ಆಧಾರ. ಸದಸ್ಯರಿಗೆ ಹೇಳಿದಾಗ ಎಲ್ಲರೂ ಹೌಹಾರಿದರು. ಮುಂಗಡ ಅವರಿಗೆ ಬೇಕು. ಬ್ಯಾಂಕು ಅವರಿಗೆ ಸಾಲ ಕೊಡುವುದಿಲ್ಲ, ಮಳೆಗಾಲದಲ್ಲಿ ಮಾಲಕರ ಮುಂಗಡವೇ ಅಕ್ಕಿ ಜೋಳ. ಒಬ್ಬ ಮಾಲಕರ ಮೇಲೆ ಜೀತದ ಕೇಸು ಬಿದ್ದರೆ ಉಳಿದ ಕಂಪನಿಗಳೆಲ್ಲ ಮುಂಗಡ ನಿಲ್ಲಿಸುತ್ತವೆ. ಆ ದಾರಿ ಬೇಡ ಅಂತ ಬಿಟ್ಟೆವು. ಬಿಟ್ಟದ್ದು ಸರಿ ಅಂತಲೇ ನನಗೆ ಈಗಲೂ ಅನ್ನಿಸುತ್ತದೆ, ಆದರೆ ಎಲ್ಲ ಪ್ರಕರಣಕ್ಕೂ ಈ ಮಾತು ಅನ್ವಯಿಸುವುದಿಲ್ಲ. ಹೊಡೆತ ಬಡಿತ, ಹೆಣ್ಣುಮಕ್ಕಳಿಗೆ ಹಿಂಸೆ ಇದ್ದರೆ ಲೆಕ್ಕವೇ ಬೇರೆ.

ಆಟ ನಿಲ್ಲಿಸಬೇಕೋ ಬೇಡವೋ

ಮುಕ್ಕಾಂ ಎತ್ತಲು ಹತ್ತು ದಿನ ಉಳಿದಿತ್ತು. ಮುಂದಿನ ಕ್ಯಾಂಪ್ ಬೇರೆ ಜಿಲ್ಲೆಯಲ್ಲಿ. ಥಿಯೇಟರ್ ಬಿಚ್ಚಿ ಲಾರಿಗೆ ಏರಿತೆಂದರೆ ಯಾವ ಅಧಿಕಾರಿಗೆ ಅರ್ಜಿ ಕೊಡಬೇಕು ಅನ್ನುವುದೇ ಹೊಸ ತಕರಾರಾಗುತ್ತದೆ.

ಆ ವಾರದ ಶನಿವಾರ, ಭಾನುವಾರ ಒಳ್ಳೆಯ ಕಲೆಕ್ಷನ್ ಆಗುವ ಲಕ್ಷಣ ಇತ್ತು. ಅಂದೇ ಮೇಕಪ್ ಹಚ್ಚದೆ ಕೂರೋಣ ಅನ್ನುವುದು ನಾಯಕ ನಟನ ಅಭಿಪ್ರಾಯ. ಟಿಕೆಟ್ ತಗೊಂಡ ಜನ ಗಲಾಟೆ ಮಾಡಿದರೆ ಮಾಲಕರು ತಾವಾಗಿಯೇ ದಾರಿಗೆ ಬರುತ್ತಾರೆ ಅನ್ನುವುದು ಅವನ ಲೆಕ್ಕ. ಹಾರ್ಮೋನಿಯಂ ಮಾಸ್ತರರು ಬೇಡ ಅಂದರು. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಆ ಎರಡ ದಿನದ ಗಲ್ಲಾ ಹೋದ್ರ ನಮಗ ಕೊಡಾಕ ಮತ್ತ್ಯಾವ ರೊಕ್ಕ ಐತಿ?’

ಕಾರ್ಖಾನೆಯ ಮಾಲೀಕನಿಗೆ ಗೋದಾಮಿನಲ್ಲಿ ಸರಕಿರುತ್ತದೆ, ಬ್ಯಾಂಕಿನಲ್ಲಿ ಲಿಮಿಟ್ ಇರುತ್ತದೆ. ನಾಟಕ ಕಂಪನಿಗೆ ಇರುವುದು ಅಂದಂದಿನ ಗೇಟು. ಆಡದ ಆಟವನ್ನು ನಾಳೆ ಮಾರಲು ಬರುವುದಿಲ್ಲ. ಮುಷ್ಕರದ ಹೊಡೆತ ಮಾಲಕರಿಗಿಂತ ಮೊದಲು ಬಾಕಿ ಪಗಾರಕ್ಕೇ ಬೀಳುತ್ತದೆ. ಅಲ್ಲದೆ ನಾಯಕ ನಟ ಒಂದು ವಿಷಯ ಮರೆತಿದ್ದ. ಹಿಂದೊಮ್ಮೆ ಇದೇ ಕಂಪನಿಯಲ್ಲಿ ಇಬ್ಬರು ನಟರು ಮುನಿಸಿಕೊಂಡು ಕೂತಾಗ, ಸಂಭಾಷಣೆ ಬಾಯಿಪಾಠ ಇದ್ದ ಪರದೆಯ ಹುಡುಗನಿಗೇ ಬಣ್ಣ ಹಚ್ಚಿ ಆಟ ನಡೆಸಿದ್ದರು. ಸೀನಿನವರು, ಲೈಟಿನವರು ನಮ್ಮ ಜೊತೆ ಇಲ್ಲದಿದ್ದರೆ ಆಟ ನಿಲ್ಲುವುದೇ ಇಲ್ಲ.

ಆಟ ನಡೆಯಲಿ ಅಂತ ತೀರ್ಮಾನ ಆಯಿತು. ಆದರೆ ಆ ಕೊನೆಯ ಮಾತು ಮನಸ್ಸಿನಲ್ಲಿ ಉಳಿಯಿತು.

ಸೀನು ಕಟ್ಟುವವನ ಪ್ರಶ್ನೆ

ಆ ಸಭೆ ಮುಗಿದು ಎಲ್ಲರೂ ಏಳುವಾಗ ಸೀನು ಕಟ್ಟುವ ಒಬ್ಬ ಹುಡುಗ ಬಂದ. ಹಾವೇರಿ ಕಡೆಯವನು. ‘ಸರ್, ನೀವು ಅಕ್ಕಾರ ಪಗಾರ, ಕಾಕಾರ ಪಗಾರ ಕೇಳಾಕತ್ತೀರಿ. ನಮ್ಮದನ್ನ ಯಾರ್ ಕೇಳಾವ್ರು?’ ಅಂದ. ಆ ಹತ್ತು ಜನಕ್ಕೂ ಪಗಾರ ಬಂದಿರಲಿಲ್ಲ. ಎಲ್ಲ ಸೇರಿ ಸುಮಾರು 1 ಲಕ್ಷ 40 ಸಾವಿರ. ಅವರಿಗೆ ಮುಂಗಡ ಯಾರೂ ಕೊಟ್ಟಿರಲಿಲ್ಲ. ಹಾಗಾಗಿ ಮಾಲಕರು ಮುರಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ.

ವಕೀಲರಿಗೆ ಫೋನ್ ಮಾಡಿ ಹೇಳಿದಾಗ ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ‘ಇವರೇ ಅಲ್ಲವಾ ನಿಜವಾದ ಕೇಸು!’ ಅಂದರು. ಪರದೆ ಎಳೆಯುವುದು, ಸೀನು ಕಟ್ಟುವುದು, ಅಡುಗೆ ಮಾಡುವುದು ದೈಹಿಕ ಕೆಲಸ. ಲೈಟು, ಮೈಕು, ಜನರೇಟರ್ ತಾಂತ್ರಿಕ ಕೆಲಸ. 2001ರ ತೀರ್ಪು ಇವರಿಗೆ ಅಡ್ಡ ಬರುವುದಿಲ್ಲ. ಕಾನೂನಿನ ಬಾಗಿಲು ನಟರಿಗೆ ಅರ್ಧ ಮುಚ್ಚಿತ್ತು, ಇವರಿಗೆ ಪೂರ್ತಿ ತೆರೆದಿತ್ತು. ಆದರೆ ನಮ್ಮ ಬೈಲಾ ಪ್ರಕಾರ ಸಂಘದ ಸದಸ್ಯತ್ವ ‘ಕಲಾವಿದರಿಗೆ’ ಮಾತ್ರ. ವಾದ್ಯದವರನ್ನು ಸೇರಿಸಿಕೊಳ್ಳುವಾಗಲೇ ಹಿಂದೆ ಜಗಳ ಆಗಿತ್ತಂತೆ.

ಹುಬ್ಬಳ್ಳಿಯಲ್ಲಿ ತುರ್ತಾಗಿ ಸರ್ವ ಸದಸ್ಯರ ಸಭೆ ಕರೆದೆವು. ಬೇರೆ ಕಂಪನಿಗಳಲ್ಲಿ ಇದ್ದವರೂ ಆಟ ಇಲ್ಲದ ಹಗಲು ಹೊತ್ತಿನಲ್ಲಿ ಬಂದರು. ಜೋರು ವಾದ ನಡೆಯಿತು. ಹಿರಿಯ ನಟರೊಬ್ಬರ ಮಾತು ಹೀಗಿತ್ತು: ‘ಪರದೆ ಎಳಿಯಾಂವ ಇವತ್ತ ಇರ್ತಾನ, ನಾಳೆ ಇಟ್ಟಂಗಿ ಭಟ್ಟಿಗೆ ಹೋಗ್ತಾನ. ನಾವು ಹುಟ್ಟಾ ಬಣ್ಣ ಹಚ್ಚಿದವರು. ಇಬ್ಬರಿಗೂ ಒಂದ ಸಂಘ ಹೆಂಗ ಆಕ್ಕೈತಿ?’ ಇದರಲ್ಲಿ ಸುಮ್ನೆ ಅಹಂಕಾರ ಮಾತ್ರ ಇದೆ ಅಂತ ತಳ್ಳಿಹಾಕಬಾರದು. ಕಲಾವಿದರ ಮಾಸಾಶನ, ಪ್ರಶಸ್ತಿ, ಅಕಾಡೆಮಿಯ ನೆರವು ಎಲ್ಲವೂ ‘ಕಲಾವಿದ’ ಅನ್ನುವ ಗುರುತಿನ ಮೇಲೆ ನಿಂತಿವೆ. ಅದು ಮಸುಕಾದರೆ ಅನ್ನುವ ಹೆದರಿಕೆ ಅವರದು.

ಕಂಪನಿಯಲ್ಲಿ ಒಬ್ಬ ಹುಡುಗ ಇದ್ದ. ರಂಗ ತರಬೇತಿ ಮುಗಿಸಿ ಹೊಟ್ಟೆಪಾಡಿಗೆ ಕಂಪನಿ ಸೇರಿದವ. ಅವನು ಎದ್ದು ಅಮೆರಿಕದ ಒಂದು ಕಥೆ ಹೇಳಿದ. 1913ರಲ್ಲಿ ನ್ಯೂಯಾರ್ಕಿನಲ್ಲಿ ನಟರು ಸೇರಿ ಆಕ್ಟರ್ಸ್ ಇಕ್ವಿಟಿ ಅನ್ನುವ ಸಂಘ ಕಟ್ಟಿದರು. ತಾಲೀಮಿಗೆ ಪಗಾರ ಇಲ್ಲ, ಕಂಪನಿ ಮುಳುಗಿದರೆ ನಟರು ಪರಊರಲ್ಲೇ ಅನಾಥ, ಅಂಥ ಕಾಲ. ನಿರ್ಮಾಪಕರು ಇವರ ಬೇಡಿಕೆಗೆ ಸರಿಯಾಗಿ ಕಿವಿಗೊಡಲಿಲ್ಲ. 1919ರ ಆಗಸ್ಟಿನಲ್ಲಿ ಮುಷ್ಕರ ಹೂಡಿದರು. ಆಗ ರಂಗದ ಹಿಂದೆ ಕೆಲಸ ಮಾಡುವವರು, ವಾದ್ಯದವರು ತಮ್ಮ ತಮ್ಮ ಸಂಘದ ಮೂಲಕ ನಟರ ಬೆನ್ನಿಗೆ ನಿಂತು ಕೆಲಸ ಬಿಟ್ಟರು. ಥಿಯೇಟರುಗಳು ಒಂದರ ಹಿಂದೆ ಒಂದು ಮುಚ್ಚಿದವು. ಮೂವತ್ತು ದಿನಕ್ಕೆ ನಿರ್ಮಾಪಕರು ಒಪ್ಪಂದಕ್ಕೆ ಬಂದರು. ‘ಅಲ್ಲಿ ಬೆನ್ನಿಗೆ ನಿಂತವರನ್ನ ನಾವಿಲ್ಲಿ ಬಾಗಲಾಗ ನಿಂದರ್ಸಾಕತ್ತೀವಿ’ ಅಂತ ಹೇಳಿ ಕೂತ.

ಈ ಕಥೆಯಿಂದ ಎಷ್ಟು ಜನರ ಮನಸ್ಸು ಬದಲಾಯಿತೋ ನನಗೆ ಅನುಮಾನ. ಬದಲಾಯಿಸಿದ್ದು ಮಾಸ್ತರರ ಸಣ್ಣ ಲೆಕ್ಕ. ಸೀನಿನವರ ಹೆಸರಲ್ಲಿ ಅರ್ಜಿ ಬಿದ್ದರೆ ಮಾಲಕರನ್ನು ಅಧಿಕಾರಿ ಕರೆಸುತ್ತಾರೆ. ಒಮ್ಮೆ ಅವರು ಆ ಮೇಜಿನ ಮುಂದೆ ಕೂತರೆ ನಟರ ಬಾಕಿಯನ್ನೂ ಅಲ್ಲೇ ಮಾತಾಡಬಹುದು. ಬೈಲಾದಲ್ಲಿ ‘ಕಲಾವಿದರು ಮತ್ತು ರಂಗದ ಕೆಲಸಗಾರರು’ ಅಂತ ತಿದ್ದುಪಡಿ ಆಯಿತು. ಒಮ್ಮತ ಇರಲಿಲ್ಲ, ಕೈ ಎತ್ತಿಸಿ ಎಣಿಸಬೇಕಾಯಿತು. ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರು. ಹತ್ತು ಜನರಲ್ಲಿ ಎಂಟು ಜನ ಸದಸ್ಯರಾದರು. ಗೇಟಿನ ಇಬ್ಬರು ಮಾಲಕರ ಸಂಬಂಧಿಕರು, ಅವರು ಬರಲಿಲ್ಲ.

ಜನರೇಟರಿನ ನೋಟ್‌ಬುಕ್

ಮುಕ್ಕಾಂ ಎತ್ತುವ ಮೊದಲೇ ಎಂಟು ಜನರ ಹೆಸರಲ್ಲಿ ಕಾರ್ಮಿಕ ಅಧಿಕಾರಿಗೆ ಅರ್ಜಿ ಹೋಯಿತು. ನಟರ ಮತ್ತು ವಾದ್ಯದವರ ಬಾಕಿಯ ಪಟ್ಟಿಯನ್ನು ಬೇರೆ ಪತ್ರದಲ್ಲಿ, ‘ಇದನ್ನೂ ರಾಜಿಯಲ್ಲಿ ಪರಿಗಣಿಸಬೇಕು’ ಅಂತ ಲಗತ್ತಿಸಿದೆವು. ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದ್ದರೆ ನಟರ ಹೆಸರು ಹಿಡಿದು ಇಡೀ ಅರ್ಜಿಗೇ ತಕರಾರು ತೆಗೆಯಬಹುದಿತ್ತು. ಈ ಸಲಹೆ ವಕೀಲರದು, ಮುಂದೆ ತುಂಬಾ ಕೆಲಸಕ್ಕೆ ಬಂತು.

ಅಧಿಕಾರಿ ಮೊದಲು ಕೇಳಿದ್ದು, ಇವತ್ತು ಇಲ್ಲಿ ನಾಳೆ ಇನ್ನೊಂದು ಊರಲ್ಲಿ ಇರುವ ತಗಡಿನ ಡೇರೆಯನ್ನು ಸಂಸ್ಥೆ ಅನ್ನಬಹುದಾ ಅಂತ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಥಿಯೇಟರ್ ಮತ್ತು ಸಾರ್ವಜನಿಕ ಮನರಂಜನೆಯ ಜಾಗಗಳೂ ವಾಣಿಜ್ಯ ಸಂಸ್ಥೆಯ ವಿವರಣೆಯೊಳಗೆ ಬರುತ್ತವೆ ಅಂತ ತೋರಿಸಿದೆವು. ಆ ಊರಿನ ಕ್ಯಾಂಪಿಗೆ ಸಿಕ್ಕ ಪರವಾನಗಿ ಪತ್ರವೂ ಮಾಲಕರ ಹೆಸರಲ್ಲೇ ಇತ್ತು. ಅಧಿಕಾರಿ ತಲೆ ಆಡಿಸಿ ನೋಟಿಸ್ ಕಳಿಸಿದರು.

ಮಾಲಕರು ವಹಿ ಹಿಡಿದುಕೊಂಡು ಬಂದರು. ಒಂಬತ್ತು ದಿನ ಆಟ ಆಗಿಲ್ಲ ಅನ್ನುವ ವಾದ ಮತ್ತೆ ಬಂತು. ನಟರ ಹತ್ತಿರ ಇದ್ದದ್ದು ಕೆಲವು ಹ್ಯಾಂಡ್‌ಬಿಲ್. ಹ್ಯಾಂಡ್‌ಬಿಲ್ ಅವತ್ತು ಯಾವ ನಾಟಕ ಇತ್ತು ಅಂತ ಹೇಳುತ್ತದೆ, ಆಟ ನಡೆಯಿತು ಅಂತ ಹೇಳುವುದಿಲ್ಲ. ಆಗ ಲೈಟಿನವ ಚೀಲದಿಂದ ಒಂದು ಎಣ್ಣೆ ಹತ್ತಿದ ನೋಟ್‌ಬುಕ್ ತೆಗೆದ. ಡೀಸೆಲ್ ಕದಿಯುತ್ತಾನೆ ಅಂತ ಮ್ಯಾನೇಜರ್ ಹಿಂದೆ ಒಮ್ಮೆ ಅನುಮಾನ ಪಟ್ಟಿದ್ದನಂತೆ. ಅವತ್ತಿನಿಂದ ಅವನು ಜನರೇಟರ್ ಎಷ್ಟಕ್ಕೆ ಶುರುವಾಯಿತು, ಎಷ್ಟಕ್ಕೆ ನಿಂತಿತು ಅಂತ ಪ್ರತಿ ರಾತ್ರಿ ಬರೆದು ಮ್ಯಾನೇಜರ್ ಹತ್ತಿರವೇ ಸಹಿ ಹಾಕಿಸುತ್ತಿದ್ದ.

ಆ ನೋಟ್‌ಬುಕ್ ಪ್ರಕಾರ ನಾಲ್ಕು ರಾತ್ರಿ ಜನರೇಟರ್ ಶುರುವೇ ಆಗಿರಲಿಲ್ಲ. ಉಳಿದ ಐದು ರಾತ್ರಿ ಒಂದು ಗಂಟೆ, ಒಂದೂವರೆ ಗಂಟೆ ಓಡಿ ನಿಂತಿತ್ತು. ಅಂದರೆ ಆಟ ಶುರುವಾಗಿ ಮಳೆಗೆ ನಿಂತದ್ದು. ನಾಟಕ ಶುರುವಾಗುವಾಗಿನ ಪ್ರಾರ್ಥನೆ, ಅಂದರೆ ನಾಂದಿ ಹಾಡಿದ ಮೇಲೆ ಆ ದಿನದ ಪಗಾರ ಬರುತ್ತದೆ ಅನ್ನುವುದು ಆ ಕಂಪನಿಯಲ್ಲಿ ಮಾಲಕರ ತಂದೆಯ ಕಾಲದಿಂದ ನಡೆದು ಬಂದ ರೂಢಿ. ಮಾಸ್ತರರು ಅದನ್ನು ನೆನಪಿಸಿದಾಗ ಮಾಲಕರು ಇಲ್ಲ ಅನ್ನಲಿಲ್ಲ. ನಟರೂ ನಾಲ್ಕು ದಿನ ಬಿಟ್ಟುಕೊಟ್ಟರು. 35 ದಿನ 31ಕ್ಕೆ ಇಳಿಯಿತು. ಮ್ಯಾನೇಜರನ ಸಹಿ ಇದ್ದ ಕಾಗದ ಮುಂದಿದ್ದ ಕಾರಣ ಈ ಲೆಕ್ಕದ ಬಗ್ಗೆ ಆಮೇಲೆ ಯಾರೂ ತಕರಾರು ತೆಗೆಯಲಿಲ್ಲ. ಕಲಾವಿದರ ಲೆಕ್ಕವನ್ನು ಉಳಿಸಿದ್ದು ವಾರದ ಹಿಂದೆ ಸಂಘದ ಸದಸ್ಯನೇ ಅಲ್ಲದ ಒಬ್ಬನ ನೋಟ್‌ಬುಕ್.

ಒಪ್ಪಂದ

ಸೀನಿನವರು, ಲೈಟಿನವರು, ಅಡುಗೆಯವರ ಬಾಕಿಯನ್ನು ಎರಡು ಕಂತಿನಲ್ಲಿ ಪೂರ್ತಿ ಕೊಡಲು ಮಾಲಕರು ಒಪ್ಪಿದರು. ಅಲ್ಲಿ ಜಾಸ್ತಿ ಮಾತೇ ನಡೆಯಲಿಲ್ಲ. ಸದಸ್ಯರಾಗದ ಗೇಟಿನವರಿಗೂ ಅದೇ ಸಿಕ್ಕಿತು.

ನಟರು, ವಾದ್ಯದವರ ವಿಷಯ ಕಷ್ಟದ್ದು. 31 ದಿನಕ್ಕೆ 4 ಲಕ್ಷ 10 ಸಾವಿರದ ಹತ್ತಿರ. ಎರಡು ಲಕ್ಷ ಮುಂಗಡವನ್ನು ಈಗಲೇ ಪೂರ್ತಿ ಮುರಿದುಕೊಳ್ಳುತ್ತೇನೆ ಅಂತ ಮಾಲಕರ ಹಟ. ರೂಢಿಯ ಪ್ರಕಾರ ಅದನ್ನು ಸೀಸನ್ ಪೂರ್ತಿ ಸ್ವಲ್ಪ ಸ್ವಲ್ಪವಾಗಿ ಮುರಿಯಬೇಕು. ನಮ್ಮವರಲ್ಲಿ ಬಹಳ ಜನ ಒಪ್ಪಬೇಡಿ ಅಂದರು. ಕೈಗೆ ಬರುವ ದುಡ್ಡು ಅರ್ಧಕ್ಕೆ ಇಳಿಯುತ್ತದಲ್ಲ? ಟ್ರಂಕಿನ ಪ್ರಕರಣದ ಆ ನಟಿ ಮಾತ್ರ ಬೇರೆ ಥರ ಯೋಚಿಸಿದರು. ‘ಮುರಕೊಳ್ಳಲಿ ಬಿಡ್ರಿ. ಸಾಲ ಹರದ್ರ ಎಲ್ಲಿ ಬೇಕಾದ್ರೂ ಹೋಗಾಕ ಬರ್ತೈತಿ’ ಅಂದರು. ಸಂಘ ಅವರ ಮಾತು ಹಿಡಿಯಿತು. ಮುಂಗಡ ಪೂರ್ತಿ ಮುರಿಯಿರಿ, ಅದಕ್ಕೆ ಬದಲು ಪ್ರತಿಯೊಬ್ಬರಿಗೂ ಬಾಕಿ ಇಲ್ಲ ಅಂತ ಬರೆದುಕೊಡಿ, ಯಾರನ್ನೂ ತಡೆಯಬೇಡಿ ಅಂದೆವು. ದುಡ್ಡು ಬಿಟ್ಟು ಕಾಗದ ತಗೊಂಡದ್ದು ಅಂತ ಕೆಲವರು ಈಗಲೂ ಟೀಕೆ ಮಾಡುತ್ತಾರೆ. ಆದರೆ ಮಾಲಕರ ಹತ್ತಿರ ದುಡ್ಡು ಇರಲಿಲ್ಲ, ಕಾಗದ ಇತ್ತು.

ನಾಯಕ ನಟನ ಲೆಕ್ಕ ಉಲ್ಟಾ ಬಂತು. ದಿನಕ್ಕೆ 1,200ರ ಹಾಗೆ ಅವನಿಗೆ ಬರಬೇಕಾದ್ದು 37 ಸಾವಿರ ಚಿಲ್ಲರೆ, ತಗೊಂಡ ಮುಂಗಡ 60 ಸಾವಿರ. ಮುಷ್ಕರ ಮಾಡೋಣ ಅಂತ ಎಲ್ಲರಿಗಿಂತ ಜೋರಾಗಿ ಹೇಳಿದವನೇ ಕೊನೆಗೆ ಸಾಲಗಾರನಾಗಿ ಎದ್ದ. ಆ ಬಾಕಿ ಮುಂದಿನ ಸೀಸನ್ನಿಗೆ ಹೋಯಿತು.

ಉಳಿದವರಿಗೆ ಬರಬೇಕಿದ್ದ ಸುಮಾರು 2 ಲಕ್ಷ 30 ಸಾವಿರಕ್ಕೆ ಚೆಕ್ ಕೇಳಲಿಲ್ಲ. ಮುಂದಿನ ಎರಡು ಕ್ಯಾಂಪಿನಲ್ಲಿ ಪ್ರತಿ ರಾತ್ರಿಯ ಗಲ್ಲಾದಿಂದ ನೂರಕ್ಕೆ ಇಪ್ಪತ್ತು ಬೇರೆ ಡಬ್ಬಿಗೆ ಹಾಕುವುದು, ಕಲೆಕ್ಷನ್ ಪಟ್ಟಿಗೆ ಮ್ಯಾನೇಜರ್ ಮತ್ತು ಮಾಸ್ತರರು ಇಬ್ಬರೂ ಸಹಿ ಹಾಕುವುದು, ವಾರಕ್ಕೊಮ್ಮೆ ಹಂಚುವುದು ಅಂತ ಒಪ್ಪಂದ ಆಯಿತು. ಸಾಲದವರು ಗೇಟಿಗೆ ಬಂದಾಗ ಮಾಲಕರು ಆ ಡಬ್ಬಿ ತೋರಿಸಿ ‘ಇದು ಸಂಘದ್ದು, ನಂದಲ್ಲ’ ಅನ್ನಲು ಶುರು ಮಾಡಿದರು. ಅವರಿಗೂ ಅದರಿಂದ ಸ್ವಲ್ಪ ಉಸಿರಾಡಲು ಜಾಗ ಸಿಕ್ಕಿತು. ಇದನ್ನು ಯಾರೂ ಮೊದಲು ಊಹಿಸಿರಲಿಲ್ಲ.

ಆಮೇಲೆ ಏನಾಯಿತು

ಮಳೆ ಹಿಡಿಯುವ ಹೊತ್ತಿಗೆ 1 ಲಕ್ಷ 70 ಸಾವಿರ ಬಂತು. ಉಳಿದ 60 ಸಾವಿರದಲ್ಲಿ, ಕಂಪನಿಯಲ್ಲೇ ಮುಂದುವರಿದವರ ಪಾಲು ಮುಂದಿನ ಸೀಸನ್ನಿನ ಮೊದಲ ವಾರ ಸಿಕ್ಕಿತು. ಬಿಟ್ಟು ಹೋದ ಮೂವರದು ಇನ್ನೂ ಬಂದಿಲ್ಲ. ಬಿಟ್ಟು ಹೋದವರ ಬಾಕಿಯನ್ನು ಮೊದಲು ತೀರಿಸಬೇಕು ಅಂತ ಒಪ್ಪಂದದಲ್ಲಿ ಬರೆಸುವುದು ಇಂಥ ಕಡೆ ಬಹಳ ಮುಖ್ಯ, ಯಾಕೆಂದರೆ ಡಬ್ಬಿಯ ಪಕ್ಕ ಕೂರಲು ಅವರು ಅಲ್ಲಿ ಇರುವುದಿಲ್ಲ. ಟ್ರಂಕಿನ ನಟಿ ಬೇರೆ ಕಂಪನಿಗೆ ಹೋದರು. ಹಾಸ್ಯನಟ ಕಾಕಾರನ್ನು ಮರುವರ್ಷ ಯಾವ ಕಂಪನಿಯೂ ಕರೆಯಲಿಲ್ಲ. ಅಧಿಕಾರಿಯ ಮುಂದೆ ಜಾಸ್ತಿ ಮಾತಾಡಿದವರು ಅವರೇ. ಅವರಿಗೆ 58 ದಾಟಿತ್ತು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನಕ್ಕೆ ಅರ್ಜಿ ಹಾಕಿಸಿದೆವು. ಆ ಅರ್ಜಿಗೆ ಹಳೇ ಹ್ಯಾಂಡ್‌ಬಿಲ್‌ಗಳು, ಫೋಟೋಗಳು ದಾಖಲೆಯಾಗಿ ಬೇಕು. ಅವರ ಹತ್ತಿರ ಇರಲಿಲ್ಲ, ಮಾಲಕರ ತಾಯಿ ತಮ್ಮ ಪೆಟ್ಟಿಗೆಯಿಂದ ತೆಗೆದುಕೊಟ್ಟರು.

ಈಗ ಸಂಘ ಮೂರು ಪ್ರತಿಯ ಮುಂಗಡ ಚೀಟಿ ಮುದ್ರಿಸಿದೆ. ಒಂದು ಮಾಲಕರಿಗೆ, ಒಂದು ಕಲಾವಿದರಿಗೆ, ಒಂದು ಸಂಘಕ್ಕೆ. ಎಷ್ಟು ಮುಂಗಡ, ದಿನಕ್ಕೆ ಎಷ್ಟು ಮುರಿಯುವುದು, ಅರ್ಧಕ್ಕೆ ನಿಂತ ಆಟಕ್ಕೆ ಪಗಾರ ಎಷ್ಟು ಅನ್ನುವ ಮೂರು ಸಾಲು ಅದರಲ್ಲಿ ಇರುತ್ತದೆ. ಬಹಳ ಕಂಪನಿಗಳು ತಕರಾರು ಇಲ್ಲದೆ ಸಹಿ ಹಾಕುತ್ತವೆ, ಯಾಕೆಂದರೆ ಮುಂಗಡ ಕೊಟ್ಟದ್ದಕ್ಕೆ ಅವರಿಗೂ ಪುರಾವೆ ಬೇಕು. ಆದರೆ ಇಕ್ವಿಟಿ ಸಂಘ ನಿರ್ಮಾಪಕರಿಂದ ಪಗಾರಕ್ಕೆ ಭದ್ರತೆಯಾಗಿ ಮೊದಲೇ ಠೇವಣಿ ಇರಿಸಿಕೊಳ್ಳುತ್ತದಲ್ಲ, ಅದನ್ನು ಇಲ್ಲಿ ತರಲು ಹೋದಾಗ ಒಂದೇ ಒಂದು ಕಂಪನಿ ಒಪ್ಪಿತು. ಅದೂ ಒಂದು ವಾರದ ಪಗಾರಕ್ಕೆ ಮಾತ್ರ. ಉಳಿದವರು ‘ಠೇವಣಿ ಇಡಾಕ ರೊಕ್ಕ ಇದ್ರ ಸಾಲ ಯಾಕ ಮಾಡ್ತಿದ್ವಿ?’ ಅನ್ನುತ್ತಾರೆ. ಅದಕ್ಕೆ ನಮ್ಮ ಹತ್ತಿರ ಒಳ್ಳೆಯ ಉತ್ತರ ಇನ್ನೂ ಇಲ್ಲ.

ಈ ದಾರಿ ಹಿಡಿಯುವವರಿಗೆ ಒಂದು ವಿಷಯ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಾನು ಮೇಲೆ ಹೇಳಿದ 1926 ಮತ್ತು 1947ರ ಕಾಯ್ದೆಗಳ ಜಾಗಕ್ಕೆ ಈಗ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ. ಅರ್ಜಿಯಲ್ಲಿ ಹಳೇ ಕಲಂ ಬರೆದುಕೊಂಡು ಹೋಗಬೇಡಿ, ಮೊದಲು ವಕೀಲರನ್ನು ಕೇಳಿ.

ಸೀನು ಕಟ್ಟುತ್ತಿದ್ದ ಆ ಹಾವೇರಿಯ ಹುಡುಗ ಈಗ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದಾನೆ. ಹೋದ ಸಭೆಯಲ್ಲಿ ಅವನು ಹೊಸದೊಂದು ಬೇಡಿಕೆ ಇಟ್ಟ. ಸೀನಿನವರಿಗೂ ಮಳೆಗಾಲದಲ್ಲಿ ಮುಂಗಡ ಸಿಗಬೇಕಂತೆ. ಆ ಚರ್ಚೆ ಇನ್ನೂ ಮುಗಿದಿಲ್ಲ.